ಹುಲ್ಲಿನ ಮದ್ದು ಹೊಡೆದ ತೋಟದ ಪಕ್ಕ ಆರು ಜೇನುಪೆಟ್ಟಿಗೆ: ಒಂದು ಪ್ರಕರಣ ಅಧ್ಯಯನ

ಇದು ಉತ್ತರ ಕನ್ನಡದ ಘಟ್ಟದ ಮೇಲಿನ ಒಂದು ಅಡಿಕೆ ಊರಿನಲ್ಲಿ ನಡೆದದ್ದು. ಊರಿನ ಹೆಸರು ಹೇಳುವುದಿಲ್ಲ, ಜನರ ಹೆಸರು ಬದಲಿಸಿದ್ದೇನೆ, ಗುರುತು ಸಿಗುವಂಥ ಒಂದಷ್ಟು ವಿವರವನ್ನೂ ಆಚೀಚೆ ಮಾಡಿದ್ದೇನೆ. ಜೇನು ಸಾಕುವವರನ್ನು ಶಾಂತಕ್ಕ ಅಂತ ಕರೆಯೋಣ, ಪಕ್ಕದ ತೋಟದವರನ್ನು ಮಾಬಲಣ್ಣ ಅಂತ. ಇಬ್ಬರೂ ಇವತ್ತಿಗೂ ಒಬ್ಬರ ಮನೆಗೆ ಒಬ್ಬರು ಹೋಗಿ ಚಾ ಕುಡಿಯುವಷ್ಟು ಚೆನ್ನಾಗಿದ್ದಾರೆ.

ಕೀಟನಾಶಕ ಹೊಡೆದರೆ ಜೇನು ಸಾಯುತ್ತದೆ ಅನ್ನುವುದು ಈಗ ಎಲ್ಲರಿಗೂ ಗೊತ್ತು. ಕಳೆನಾಶಕದ ವಿಷಯದಲ್ಲಿ ಮಾತ್ರ ಬಹಳ ಜನ ನಿಶ್ಚಿಂತೆಯಿಂದ ಇದ್ದಾರೆ. "ಅದು ಹುಲ್ಲಿಗೆ ಹೊಡೆಯೋದು, ಹುಳಕ್ಕಲ್ಲ" ಅನ್ನುವ ಮಾತು ನಾನು ಎಷ್ಟೋ ಕಡೆ ಕೇಳಿದ್ದೇನೆ. ಆ ಮಾತನ್ನು ನಂಬಿದರೆ ಪೆಟ್ಟಿಗೆಯೊಳಗೆ ಏನೇನು ಆಗಬಹುದು ಅನ್ನುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಹಿನ್ನೆಲೆ

ಶಾಂತಕ್ಕನ ಮನೆ ತೋಟದ ತಲೆಯಲ್ಲೇ ಇದೆ. ಅಡಿಕೆ, ಮಧ್ಯೆ ಯಾಲಕ್ಕಿ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಹಿಂದೆ ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ತೋಟದ ಅಂಚಿನಲ್ಲಿ ತುಡುವೆ ಜೇನಿನ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜಾತಿ) ಆರು ಪೆಟ್ಟಿಗೆ. ಹಿಂದೆ ಅವರ ಮಾವನೂ ಜೇನು ಸಾಕುತ್ತಿದ್ದರು. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಹೆಚ್ಚುಕಡಿಮೆ ಗುಡಿಸಿ ಹಾಕಿತಲ್ಲ, ಆಗ ಅವರದ್ದೂ ಹೋಗಿತ್ತು. ಆ ಭಯ ಆ ಮನೆಯಲ್ಲಿ ಇನ್ನೂ ಇದೆ. ಪೆಟ್ಟಿಗೆಯಲ್ಲಿ ಏನೇ ಏರುಪೇರಾದರೂ ಮೊದಲು ನೆನಪಾಗುವುದು ಆ ರೋಗವೇ.

ಮಲೆನಾಡಿನ ಜೇನಿನ ವರ್ಷ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮಲ್ಲಿ ಜೇನು ತುಂಬುವುದು ಬೇಸಿಗೆಯಲ್ಲಿ. ಮಳೆಗಾಲ ಹಸಿವಿನ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೇನುನೊಣಕ್ಕೆ ಹೊರಗೆ ಹೋಗಲು ಸಿಗುವುದು ಎರಡು ಮಳೆಯ ನಡುವಿನ ಹೊಳವು ಮಾತ್ರ. ಅಷ್ಟು ಹೊತ್ತಿನಲ್ಲಿ ಅದು ದೂರ ಹೋಗುವುದಿಲ್ಲ. ತುಡುವೆ ಮೊದಲೇ ಹತ್ತಿರದಲ್ಲಿ ಮೇಯುವ ಜಾತಿ. ಹಾಗಾಗಿ ಮಳೆಗಾಲದಲ್ಲಿ ಅದಕ್ಕೆ ಬೆಟ್ಟದ ಮರಕ್ಕಿಂತ ಪೆಟ್ಟಿಗೆಯ ಮುಂದಿನ ತೋಟದ ನೆಲ ಮುಖ್ಯ. ಆ ನೆಲದಲ್ಲಿ ಮುಟ್ಟಿದರೆ ಮುನಿ ಇರುತ್ತದೆ, ಕನ್ನೆಸೊಪ್ಪು ಇರುತ್ತದೆ, ಮಳೆ ಕಡಿಮೆಯಾಗುತ್ತ ಬಂದಂತೆ ತುಂಬೆ ಬರುತ್ತದೆ, ಯಾಲಕ್ಕಿಯ ಬುಡದಲ್ಲಿ ನೆಲಕ್ಕೆ ಹರಡಿಕೊಂಡು ಯಾಲಕ್ಕಿ ಹೂವೂ ಇರುತ್ತದೆ. ಬೆಳಗ್ಗೆ ಮುಟ್ಟಿದರೆ ಮುನಿಯ ಹೂ ಬಿರಿದಾಗ ಅದರ ಹತ್ತಿರ ಹೋಗಿ ನಿಂತು ನೋಡಿ. ಒಂದೊಂದು ಹೂವಿನ ಮೇಲೂ ನೊಣ ಕೂತು ಮೈಯೆಲ್ಲ ಉಜ್ಜಿಕೊಂಡು ಪರಾಗವನ್ನು ಹಿಂಗಾಲಿಗೆ ಉಂಡೆ ಕಟ್ಟುತ್ತಿರುತ್ತದೆ. ನಾವು ಅದನ್ನು ಮುಳ್ಳು, ಕಳೆ ಅಂತ ಬೈಯುತ್ತೇವೆ.

ಮಾಬಲಣ್ಣನ ತೋಟ ಶಾಂತಕ್ಕನ ತೋಟಕ್ಕೆ ತಾಗಿಕೊಂಡೇ ಇದೆ, ಇವರದ್ದಕ್ಕಿಂತ ಬಹಳ ದೊಡ್ಡದು. ಮೊದಲು ಅವರೂ ಆಳು ಕರೆದು ಹುಲ್ಲು ಹೆರೆಸುತ್ತಿದ್ದರು. ಆಳು ಸಿಗುವುದು ಕಷ್ಟವಾದ ಮೇಲೆ, ಅಡಿಕೆ ಗೊನೆ ಕೊಯ್ಲಿಗೆ ಮುಂಚೆ ತೋಟ ಚೊಕ್ಕಟವಾಗಬೇಕು ಅಂತ, ಮಳೆ ಹಿಂದೆ ಸರಿಯುವ ಹೊತ್ತಿಗೆ ಗ್ಲೈಫೋಸೇಟ್ ಅನ್ನುವ ಕಳೆನಾಶಕ ಹೊಡೆಸಲು ಶುರು ಮಾಡಿದರು. ಅವರ ಕಾರಣಗಳು ಸುಳ್ಳಲ್ಲ. ಹುಲ್ಲಿದ್ದರೆ ಉದುರು ಅಡಿಕೆ ಸಿಗುವುದಿಲ್ಲ, ಉಂಬಳದ (ಜಿಗಣೆ) ಕಾಟ, ಹಾವಿನ ಹೆದರಿಕೆ. ಮನೆಯಲ್ಲಿ ಇರುವುದು ವಯಸ್ಸಾದ ಇಬ್ಬರೇ.

ಏನಾಯಿತು

ಮೊದಲ ವರ್ಷ ಶಾಂತಕ್ಕನಿಗೆ ಏನೂ ಅನ್ನಿಸಲಿಲ್ಲ. ಎರಡನೇ ವರ್ಷ ಮದ್ದು ಹೊಡೆದ ಎರಡು ವಾರಕ್ಕೆ ಒಂದು ಪೆಟ್ಟಿಗೆ ಖಾಲಿ. ನೊಣ ಎದ್ದು ಹೋಗಿತ್ತು. ಎರಿ (ಮೇಣದ ಕಣಗಳ ತಟ್ಟೆ) ಇತ್ತು, ಸಕ್ಕರೆ ಪಾಕ ಸ್ವಲ್ಪ ಉಳಿದಿತ್ತು, ಒಳಗೆ ಜೀವ ಇರಲಿಲ್ಲ. ತುಡುವೆ ಜೇನಿಗೆ ಜಾಗ ಸರಿಬರದಿದ್ದರೆ ಬಿಟ್ಟು ಹೋಗುವ ಬುದ್ಧಿ ಇದ್ದೇ ಇದೆ, ಹಾಗಾಗಿ ಅದೊಂದೇ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಉಳಿದ ಐದೂ ಸೊರಗುತ್ತಿದ್ದವು. ಒಂದರಲ್ಲಿ ಮೇಣದ ಹುಳು ಬಿದ್ದಿತ್ತು. ನನಗೆ ಫೋನ್ ಬಂದಿದ್ದು ಆಗ.

ಫೋನಿನಲ್ಲಿ ಅವರು ಕೇಳಿದ್ದು ಒಂದೇ: "ಅದೇ ರೋಗ ಮತ್ತೆ ಬಂತಾ?"

ಹೋಗಿ ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಪೆಟ್ಟಿಗೆಗಳ ಮುಂದಿನ ನೆಲ. ಸತ್ತ ನೊಣಗಳ ರಾಶಿ ಇರಲಿಲ್ಲ. ಕೀಟನಾಶಕ ಬಡಿದರೆ ಬಾಗಿಲ ಮುಂದೆ ನಾಲಿಗೆ ಚಾಚಿ ಸತ್ತ ನೊಣ, ನಡುಗುತ್ತ ತೆವಳುವ ನೊಣ ಕಾಣುತ್ತವೆ. ಇಲ್ಲಿ ಅದಿಲ್ಲ. ಆಮೇಲೆ ಒಂದೊಂದೇ ಪೆಟ್ಟಿಗೆ ತೆರೆದೆವು. ಥಾಯ್ ಸ್ಯಾಕ್‌ಬ್ರೂಡ್ ಆಗಿದ್ದರೆ ಮರಿ ಕಣದೊಳಗೆ ಉದ್ದಕ್ಕೆ ಚಾಚಿಕೊಂಡು ತಲೆ ಮೇಲೆತ್ತಿ ಸತ್ತಿರುತ್ತದೆ, ಚಿಮಟದಲ್ಲಿ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತದೆ. ಅದೂ ಇಲ್ಲ. ಹೊಸ ರೋಗದ ಇನ್ಯಾವ ಗುರುತೂ ಇಲ್ಲ.

ಮೂರನೇ ಪೆಟ್ಟಿಗೆಯ ನಡುವಿನ ಎರಿಯನ್ನು ಬೆಳಕಿಗೆ ಹಿಡಿದಾಗ ವಿಷಯ ತಿರುಗಿತು. ರಾಣಿ ಅಲ್ಲೇ ಓಡಾಡುತ್ತಿದ್ದಳು. ಕಣದ ತಳದಲ್ಲಿ ಮೊಟ್ಟೆ ಇದ್ದವು, ಒಂದು ಕಣಕ್ಕೆ ಒಂದು, ನೇರವಾಗಿ. ಆದರೆ ಮೊಟ್ಟೆಯ ನಂತರದ ಹಂತ, ಅಂದರೆ ಮರಿ, ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇದ್ದ ನಾಲ್ಕಾರು ಮರಿಗಳ ಸುತ್ತ ಬಿಳಿ ರಸ ಇರಲಿಲ್ಲ. ಚೆನ್ನಾಗಿ ಉಣಿಸಿದ ಮರಿ ಆ ರಸದಲ್ಲಿ ತೇಲುತ್ತ ಹೊಳೆಯುತ್ತದೆ. ಇವು ಒಣ ಕಣದಲ್ಲಿ ಸುರುಟಿಕೊಂಡು ಬಿದ್ದಿದ್ದವು. ಮರಿಗಳ ಮೇಲ್ಭಾಗದಲ್ಲಿ ಪರಾಗ ತುಂಬಿಟ್ಟ ಕಣಗಳ ಒಂದು ಪಟ್ಟಿ ಇರಬೇಕು, ಹಳದಿ, ಕಿತ್ತಳೆ, ಬೂದು ಬಣ್ಣ ಬೆರೆತಂತೆ. ಆ ಪಟ್ಟಿಯ ಜಾಗದಲ್ಲಿ ಖಾಲಿ ಕಣ.

ಮೊಟ್ಟೆ ಇದೆ, ಮರಿ ಇಲ್ಲ. ಇದರ ಅರ್ಥ ರಾಣಿಯಲ್ಲಿ ತೊಂದರೆ ಇಲ್ಲ ಅಂತ. ಪರಾಗ ಸಿಗದೆ ಹೋದಾಗ ದುಡಿಮೆ ನೊಣಗಳಿಗೆ ಮರಿಗೆ ಉಣಿಸುವ ರಸ ಉತ್ಪತ್ತಿಯಾಗುವುದಿಲ್ಲ. ಆಗ ಅವು ಎಳೆ ಮರಿಗಳನ್ನು ತಾವೇ ತಿಂದುಬಿಡುತ್ತವೆ. ಹೊಟ್ಟೆಗಿಲ್ಲದ ಕುಟುಂಬ ಮಾಡುವ ಕೊನೆಯ ಲೆಕ್ಕಾಚಾರ ಅದು. ನೋಡಲು ಬಹಳ ಸಂಕಟ ಆಗುತ್ತದೆ.

ಮಾಡಿ ನೋಡಿದ್ದು

ಶಾಂತಕ್ಕ ಅಷ್ಟೊತ್ತಿಗೆ ಒಂದು ಉಪಾಯ ಮಾಡಿದ್ದರು: ಸಕ್ಕರೆ ಪಾಕ ಜಾಸ್ತಿ ಮಾಡಿದ್ದರು. ಮಳೆಗಾಲದಲ್ಲಿ ಸಕ್ಕರೆ, ನೀರು ಸಮ ಅಳತೆಯ ಪಾಕ ಇಡುವುದು ಎಲ್ಲರ ರೂಢಿ, ತಪ್ಪೇನಿಲ್ಲ. ಆದರೆ ಸಕ್ಕರೆ ಹಾರುವುದಕ್ಕೆ, ಪೆಟ್ಟಿಗೆ ಬೆಚ್ಚಗಿಡುವುದಕ್ಕೆ ಶಕ್ತಿ ಕೊಡುತ್ತದೆಯೇ ಹೊರತು ಮರಿ ಬೆಳೆಸುವುದಕ್ಕೆ ಬೇಕಾದ ಪ್ರೋಟೀನ್ ಕೊಡುವುದಿಲ್ಲ. ಬಾಣಂತಿಗೆ ಬರೀ ಬೆಲ್ಲದ ನೀರು ಕೊಟ್ಟು ಕೂರಿಸಿದ ಹಾಗೆ. ಪಾಕ ಎರಿಯಲ್ಲಿ ಹಾಗೇ ಉಳಿಯುತ್ತಿತ್ತು, ಇರುವೆ ಹತ್ತುತ್ತಿತ್ತು, ಬಲವಿದ್ದ ಪೆಟ್ಟಿಗೆಯ ನೊಣ ಬಲವಿಲ್ಲದ್ದನ್ನು ಕದಿಯಲು ಬರುತ್ತಿತ್ತು.

ಪರಾಗ ಏಕಿಲ್ಲ ಅಂತ ಹುಡುಕಲು ದೂರ ಹೋಗಬೇಕಿರಲಿಲ್ಲ. ಬೇಲಿ ದಾಟಿ ನೋಡಿದರೆ ಮಾಬಲಣ್ಣನ ತೋಟದ ನೆಲ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಂದು. ಶಾಂತಕ್ಕನ ಸ್ವಂತ ತೋಟವನ್ನೂ ಅದೇ ವಾರ ಕೊಯ್ಲಿಗಾಗಿ ಪೂರ್ತಿ ಹೆರೆಸಿಯಾಗಿತ್ತು. ಇದನ್ನು ಬರೆಯಲೇಬೇಕು, ಇಲ್ಲದಿದ್ದರೆ ಎಲ್ಲ ತಪ್ಪನ್ನೂ ಬೇಲಿಯಾಚೆ ಹೊರಿಸಿದಂತಾಗುತ್ತದೆ. ಆದರೆ ಹೆರೆದ ಹುಲ್ಲು ಕೆಲವು ವಾರಕ್ಕೆ ಚಿಗುರಿ ಹೂ ಬಿಡುತ್ತದೆ. ಗ್ಲೈಫೋಸೇಟ್ ಬೇರಿಗೇ ಇಳಿಯುವ ಮದ್ದು. ಹೊಡೆದ ಜಾಗದಲ್ಲಿ ಹೂವಿಗೆ ಬಹಳ ಕಾಲ ಕಾಯಬೇಕು.

ಇನ್ನೊಂದು ಅನುಮಾನವೂ ಇತ್ತು. ಹಸಿವು ಮಾತ್ರವಾ, ಮದ್ದು ಹೊಟ್ಟೆಗೂ ಹೋಯಿತಾ? ಗ್ಲೈಫೋಸೇಟ್ ಹೊಡೆದ ಗಿಡ ಆ ಕ್ಷಣ ಸಾಯುವುದಿಲ್ಲ. ಹಳದಿಯಾಗಲು ವಾರ ಬೇಕು. ಅಷ್ಟು ದಿನ ಹೂ ಬಿರಿಯುತ್ತಲೇ ಇರುತ್ತದೆ, ನೊಣ ಅದಕ್ಕೆ ಹೋಗುತ್ತಲೇ ಇರುತ್ತದೆ, ಎಲೆ ಮೇಲಿನ ಹನಿಯನ್ನೂ ಕುಡಿಯುತ್ತದೆ.

ಈ ಬಗ್ಗೆ ವಿಜ್ಞಾನ ಹೇಳುವುದನ್ನು ಚಿಕ್ಕದಾಗಿ ಹೇಳುತ್ತೇನೆ. ಗ್ಲೈಫೋಸೇಟ್ ಗಿಡದಲ್ಲಿರುವ ಒಂದು ಕಿಣ್ವವನ್ನು ತಡೆದು ಕೊಲ್ಲುತ್ತದೆ. ಆ ಕಿಣ್ವ ಪ್ರಾಣಿಗಳಲ್ಲಿ ಇಲ್ಲ, ಜೇನಿನಲ್ಲೂ ಇಲ್ಲ. "ಹುಳಕ್ಕೇನೂ ಆಗಲ್ಲ" ಅನ್ನುವ ಮಾತಿಗೆ ಬುಡ ಇದೇ. ಆದರೆ ಜೇನಿನ ಕರುಳಿನಲ್ಲಿ ವಾಸಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳಲ್ಲಿ ಆ ಕಿಣ್ವ ಇದೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು 2018ರಲ್ಲಿ ತೋರಿಸಿದ್ದು ಇದನ್ನೇ: ಗ್ಲೈಫೋಸೇಟ್ ತಿಂದ ನೊಣಗಳ ಕರುಳಿನಲ್ಲಿ ಕೆಲವು ಮುಖ್ಯ ಬ್ಯಾಕ್ಟೀರಿಯಾ ಕಡಿಮೆಯಾದವು, ಆಮೇಲೆ ರೋಗಾಣು ತಗುಲಿಸಿದಾಗ ಎಳೆಯ ನೊಣಗಳು ಜಾಸ್ತಿ ಸತ್ತವು. ಅರ್ಜೆಂಟೀನಾ ಮತ್ತು ಜರ್ಮನಿಯ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಕುಡಿದ ನೊಣಗಳು ಗೂಡಿಗೆ ವಾಪಸಾಗಲು ಹೆಚ್ಚು ಹೊತ್ತು ತೆಗೆದುಕೊಂಡವು. ಜರ್ಮನಿಯವರು 2022ರಲ್ಲಿ ಬಂಬಲ್‌ಬೀ ಅನ್ನುವ ದುಂಬಿ ಜಾತಿಯ ಮೇಲೆ ಮಾಡಿದ್ದು ನಮ್ಮ ಪ್ರಕರಣಕ್ಕೆ ಎಲ್ಲಕ್ಕಿಂತ ಹತ್ತಿರ. ಮೇವು ಕಡಿಮೆ ಇದ್ದಾಗ, ಗ್ಲೈಫೋಸೇಟ್ ತಿಂದ ಗೂಡುಗಳಿಗೆ ಮರಿಗಳನ್ನು ಬೆಚ್ಚಗಿಡುವುದು ಕಷ್ಟವಾಯಿತು. ಹಸಿವೂ ಮದ್ದೂ ಒಟ್ಟಿಗೆ ಬಂದಾಗಿನ ಪರಿಣಾಮ ಅದು. ಇನ್ನೊಂದು ಕಡೆ, ಹೊಲದಲ್ಲಿ ಸಿಗುವಷ್ಟು ಪ್ರಮಾಣದಲ್ಲಿ ಕೊಟ್ಟಾಗ ಮರಿಗಳ ಮೇಲೆ ಪರಿಣಾಮ ಕಾಣದ ಅಧ್ಯಯನವೂ ಇದೆ. ಇವು ಯಾವುವೂ ನಮ್ಮ ತುಡುವೆಯ ಮೇಲೆ ಮಾಡಿದವಲ್ಲ ಅನ್ನುವುದನ್ನೂ ಮರೆಯಬಾರದು.

ಹಾಗಾಗಿ ಅಂದಾಜಿನ ಮೇಲೆ ಜಗಳಕ್ಕೆ ಹೋಗುವುದು ಬೇಡ, ಮೊದಲು ಪೆಟ್ಟಿಗೆಗಳಿಂದಲೇ ಉತ್ತರ ತೆಗೆಯೋಣ ಅಂತ ತೀರ್ಮಾನವಾಯಿತು. ಹುಳು ಬಿದ್ದ ಪೆಟ್ಟಿಗೆಯ ಹಾಳಾದ ಎರಿ ಸುಟ್ಟು, ಉಳಿದ ನೊಣವನ್ನು ನಡುವೆ ದಿನಪತ್ರಿಕೆಯ ಹಾಳೆ ಇಟ್ಟು ಇನ್ನೊಂದಕ್ಕೆ ಸೇರಿಸಿದೆವು. ಈಗ ನಾಲ್ಕು ಉಳಿದವು. ಎರಡನ್ನು ರಾತ್ರಿ ಬಾಗಿಲು ಮುಚ್ಚಿ ಶಾಂತಕ್ಕನ ತಂಗಿಯ ಮನೆಗೆ ಸಾಗಿಸಿದೆವು. ಹಳೆಯ ಜಾಗಕ್ಕೆ ಹಾರಿ ವಾಪಸ್ ಬರಲಾಗದಷ್ಟು ದೂರ ಅದು. ಅಲ್ಲಿ ಯಾರೂ ಹುಲ್ಲಿಗೆ ಮದ್ದು ಹೊಡೆಯುವುದಿಲ್ಲ. ಉಳಿದ ಎರಡನ್ನು ಇದ್ದಲ್ಲೇ ಬಿಟ್ಟು, ಸೋಯಾ ಹಿಟ್ಟನ್ನು ಜೇನುತುಪ್ಪ, ಸಕ್ಕರೆ ಪುಡಿ ಜೊತೆ ಕಲಸಿ ಉಂಡೆ ಮಾಡಿ ಎರಿಯ ಮೇಲೆ ಇಟ್ಟೆವು.

ಈ ಎರಡನೇ ಭಾಗ ಬೇಕಂತಲೇ ಮಾಡಿದ್ದು. ಜಾಗ ಬದಲಿಸಿದ ಪೆಟ್ಟಿಗೆ ಸುಧಾರಿಸಿದರೆ ಅದು ಮೇವು ಸಿಕ್ಕಿದ್ದಕ್ಕೋ ಮದ್ದು ತಪ್ಪಿದ್ದಕ್ಕೋ ಹೇಳಲು ಬರುವುದಿಲ್ಲ. ಇದ್ದ ಜಾಗದಲ್ಲೇ ಬರೀ ಪ್ರೋಟೀನ್ ಕೊಟ್ಟದ್ದು ಸುಧಾರಿಸಿದರೆ ಹಸಿವಿನ ಪಾಲು ದೊಡ್ಡದು ಅಂತ ಆಯಿತು.

ಫಲ

ಸಾಗಿಸಿದ ಎರಡರಲ್ಲೂ ಬೇಗನೆ ಮರಿ ಕಂಡಿತು, ಸುತ್ತ ಬಿಳಿ ರಸವೂ ಕಂಡಿತು. ಬಾಗಿಲಲ್ಲಿ ಕಾಲಿಗೆ ಉಂಡೆ ಕಟ್ಟಿಕೊಂಡು ಬರುವ ನೊಣಗಳು ಸಾಲುಗಟ್ಟಿದವು. ಇದ್ದಲ್ಲೇ ಇದ್ದ ಎರಡರಲ್ಲಿ ಒಂದು ಸೋಯಾ ಉಂಡೆಯನ್ನು ತಿಂದಿತು, ನಿಧಾನಕ್ಕೆ ಮರಿ ಬೆಳೆಸಿತು. ಇನ್ನೊಂದು ಮೂಸಿಯೂ ನೋಡಲಿಲ್ಲ. ತುಡುವೆಗೆ ಇಂಥ ಬದಲಿ ಆಹಾರ ಅಷ್ಟಾಗಿ ಒಗ್ಗುವುದಿಲ್ಲ, ಇದು ನಿರೀಕ್ಷಿತವೇ. ಆ ಪೆಟ್ಟಿಗೆ ನವೆಂಬರ್ ದಾಟಲಿಲ್ಲ. ಕಡಜ ಬಂದು ಕೂತಾಗ ಎದುರಿಸಲು ಒಳಗೆ ಸಾಕಷ್ಟು ನೊಣವೇ ಇರಲಿಲ್ಲ.

ಆರರಲ್ಲಿ ಉಳಿದದ್ದು ಮೂರು. ನಾಲ್ಕು ಪೆಟ್ಟಿಗೆಯ ಪರೀಕ್ಷೆಯಿಂದ ದೊಡ್ಡ ಮಾತು ಆಡಬಾರದು. ಆದರೆ ನನ್ನ ಅಭಿಪ್ರಾಯ ಅಲ್ಲಿಂದ ಗಟ್ಟಿಯಾಯಿತು. ಇಲ್ಲಿ ಮದ್ದು ಮುಖ್ಯವಾಗಿ ಕೊಂದದ್ದು ಜೇನಿನ ಊಟವನ್ನು. ಮೇವಿನ ಬರದ ತಿಂಗಳಲ್ಲಿ, ನೊಣ ಹೋಗಬಲ್ಲ ದೂರದೊಳಗೆ ಇದ್ದ ಹೂವೆಲ್ಲ ಒಂದೇ ವಾರದಲ್ಲಿ ಹೋಗಿತ್ತು. ನೇರ ವಿಷದ ಪಾಲೂ ಸ್ವಲ್ಪ ಇದ್ದಿರಬಹುದು, ಅದನ್ನು ಅಳೆಯುವ ಸಾಧನ ನಮ್ಮ ಕೈಯಲ್ಲಿರಲಿಲ್ಲ.

ಮಾಬಲಣ್ಣನ ಜೊತೆ ಮಾತು

ಶಾಂತಕ್ಕನ ಮಗನಿಗೆ ಬಹಳ ಸಿಟ್ಟು ಬಂದಿತ್ತು. ಕೃಷಿ ಇಲಾಖೆಗೆ ದೂರು ಕೊಡಬೇಕು ಅಂದ. ಕಾನೂನಿನ ಆಧಾರ ಇಲ್ಲದೆ ಇಲ್ಲ. ನಮ್ಮ ದೇಶದಲ್ಲಿ ಗ್ಲೈಫೋಸೇಟ್‌ಗೆ ಒಪ್ಪಿಗೆ ಇದ್ದದ್ದೇ ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇನ್ನೂ ಬಿಗಿ ಮಾಡಿ, ಕೀಟ ನಿಯಂತ್ರಣದ ಪರವಾನಗಿ ಇರುವವರು ಮಾತ್ರ ಬಳಸಬೇಕು ಅಂತ ಆದೇಶ ಹೊರಡಿಸಿತು. ಅಡಿಕೆ ತೋಟದಲ್ಲಿ ಬೆನ್ನಿಗೆ ಪಂಪು ಹಾಕಿಕೊಂಡು ಹೊಡೆಯುವುದಕ್ಕೆ ಆ ಆದೇಶದಲ್ಲಿ ಜಾಗವೇ ಇಲ್ಲ.

ಶಾಂತಕ್ಕ ಮಗನನ್ನು ತಡೆದರು. "ದೂರು ಕೊಟ್ಟರೆ ಅವರು ಇದು ಬಿಟ್ಟು ಬೇರೆ ಡಬ್ಬ ತರ್ತಾರೆ. ಹುಲ್ಲು ಹೋಗೋದು ತಪ್ತದಾ?" ಅಂದರು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಒಳ್ಳೆಯ ತೀರ್ಮಾನ ಇದು. ಸಮಸ್ಯೆ ಡಬ್ಬದ ಮೇಲಿನ ಹೆಸರಿನದ್ದಾಗಿರಲಿಲ್ಲ, ನೆಲ ಒಟ್ಟಿಗೇ ಬೋಳಾಗುವುದರದ್ದಾಗಿತ್ತು.

ಮಾಬಲಣ್ಣ ಮೊದಲು ಒಪ್ಪಲಿಲ್ಲ. "ನಾ ಹೊಡೆದದ್ದು ಹುಲ್ಲಿಗೆ, ಅದೂ ನನ್ನ ತೋಟದಲ್ಲಿ. ನಿನ್ನ ಜೇನಿಗೇನಾಯ್ತು ತಂಗಿ?" ಅವರನ್ನು ಕರೆದುಕೊಂಡು ಬಂದು ಎರಡು ಎರಿ ಪಕ್ಕಪಕ್ಕ ತೋರಿಸಿದೆವು, ಒಂದು ತಂಗಿಯ ಮನೆಯಿಂದ ತಂದದ್ದು, ಇನ್ನೊಂದು ಇಲ್ಲಿಯದ್ದು. ಕರುಳಿನ ಬ್ಯಾಕ್ಟೀರಿಯಾ, ಕಿಣ್ವ ಎಲ್ಲ ಹೇಳಿದ್ದಕ್ಕಿಂತ ಅದು ಜಾಸ್ತಿ ಕೆಲಸ ಮಾಡಿತು. ಅವರು ಸುಮ್ನೆ ನೋಡುತ್ತ ನಿಂತರು. ಆಮೇಲೆ ತಾವಾಗಿಯೇ ಯಾಲಕ್ಕಿ ಮಾತು ತೆಗೆದರು. ಎರಡು ವರ್ಷದಿಂದ ಹೂ ಬರುತ್ತದೆ, ಕಾಯಿ ಕಚ್ಚುವುದಿಲ್ಲ ಅಂದರು.

ಯಾಲಕ್ಕಿ ಹೂವಿನ ಆಯಸ್ಸು ಒಂದೇ ದಿನ. ಆ ದಿನ ಜೇನು ಬಂದು ಪರಾಗಸ್ಪರ್ಶ ಮಾಡದಿದ್ದರೆ ಅದು ಉದುರುತ್ತದೆ. ಕಾಯಿ ಕಡಿಮೆಯಾಗಲು ಮಳೆ, ರೋಗ, ಥ್ರಿಪ್ಸ್ ಅನ್ನುವ ಸಣ್ಣ ಕೀಟ ಹೀಗೆ ಬೇರೆ ಕಾರಣವೂ ಇರಬಹುದು, ಹಾಗಾಗಿ "ನಿಮ್ಮ ಮದ್ದಿನಿಂದಲೇ" ಅಂತ ನಾವ್ಯಾರೂ ಹೇಳಲಿಲ್ಲ. ಆದರೆ ಜೇನು ತಮಗೂ ಬೇಕು ಅನ್ನುವುದು ಅವರಿಗೆ ಹೊಳೆದದ್ದು ಆ ಹೊತ್ತಿನಲ್ಲೇ.

ಒಪ್ಪಂದ ಹೀಗಾಯಿತು. ತೋಟದ ನೆಲಕ್ಕೆ ಮದ್ದು ಇಲ್ಲ, ವೀಡ್ ಕಟರ್ ಮಾತ್ರ. ಅದೂ ಒಂದು ಸಾಲು ಬಿಟ್ಟು ಒಂದು ಸಾಲು, ಬಿಟ್ಟ ಸಾಲನ್ನು ಕತ್ತರಿಸಿದ್ದು ಚಿಗುರಿದ ಮೇಲೆ ಕತ್ತರಿಸುವುದು. ಆಗ ಯಾವ ವಾರದಲ್ಲೂ ಪೂರ್ತಿ ಬೋಳಾಗುವುದಿಲ್ಲ. ಉದುರು ಅಡಿಕೆ ಹೆಕ್ಕುವ ಮರದ ಬುಡ ಮಾತ್ರ ಯಾವಾಗಲೂ ಚೊಕ್ಕಟ. ದಾರಿಯ ಬದಿ, ದರೆ, ಅಂಗಳದ ಅಂಚಿಗೆ ಮದ್ದು ಬೇಕೇಬೇಕು ಅಂತ ಮಾಬಲಣ್ಣ ಹಠ ಹಿಡಿದರು. ಅಲ್ಲಿ ಹೊಡೆಸುವುದೇ ಆದರೆ ಮೊದಲು ಹೂ ಕತ್ತರಿಸಿ, ಸಂಜೆ ನೊಣ ಗೂಡು ಸೇರಿದ ಮೇಲೆ, ಹಿಂದಿನ ದಿನ ಹೇಳಿ. ಶಾಂತಕ್ಕ ಕಟರ್‌ನ ಪೆಟ್ರೋಲಿಗೆ ಒಂದು ಪಾಲು ಕೊಡುವುದು, ತಮ್ಮ ತೋಟದಲ್ಲೂ ಇದೇ ಸಾಲು ಪದ್ಧತಿ ಮಾಡುವುದು, ಒಂದು ಪೆಟ್ಟಿಗೆಯನ್ನು ಯಾಲಕ್ಕಿ ಇರುವ ಕಡೆ ಇಡುವುದು. ನೊಣ ಎಲೆಯ ಹನಿಗೆ ಹೋಗುವುದು ಕಡಿಮೆಯಾಗಲಿ ಅಂತ ಪೆಟ್ಟಿಗೆಗಳ ಹತ್ತಿರ ಜಲ್ಲಿಕಲ್ಲು ಹಾಕಿದ ನೀರಿನ ತಟ್ಟೆಯನ್ನೂ ಇಟ್ಟರು.

ಮುಂದಿನ ಮಳೆಗಾಲ

ಆಗಸ್ಟ್‌ವರೆಗೆ ಎಲ್ಲ ಚೆನ್ನಾಗಿತ್ತು. ಸೆಪ್ಟೆಂಬರ್‌ನಲ್ಲಿ ಮಾಬಲಣ್ಣ ಆಸ್ಪತ್ರೆಗೆಂದು ಊರು ಬಿಟ್ಟಿದ್ದಾಗ ಗುತ್ತಿಗೆಯವರು ಬಂದು, ಪ್ರತಿ ವರ್ಷದಂತೆ, ಅವರ ಮೇಲಿನ ತೋಟಕ್ಕೆ ಹೊಡೆದು ಹೋದರು. ಹೊಡೆದದ್ದು ಬೆಳಗ್ಗೆ ಹತ್ತು ಗಂಟೆಗೆ, ಹೂವಿನ ಮೇಲೆ ನೊಣ ಇದ್ದಾಗಲೇ. ಒಪ್ಪಂದ ಇಬ್ಬರು ಯಜಮಾನರ ನಡುವೆ ಆಗಿತ್ತು, ಪಂಪು ಹಿಡಿಯುವ ಹುಡುಗರಿಗೆ ಯಾರೂ ಹೇಳಿರಲಿಲ್ಲ. ಆ ಹುಡುಗರೂ ಕೈಗವಸಿಲ್ಲದೆ, ಮುಖಕ್ಕೆ ಬರೀ ಟವೆಲ್ ಸುತ್ತಿಕೊಂಡು ಹೊಡೆದಿದ್ದರು. ಅವರ ಆರೋಗ್ಯದ ಚಿಂತೆ ಯಾರೂ ಮಾಡಿಲ್ಲ ಅನ್ನುವುದು ಜೇನಿನಷ್ಟೇ ನನ್ನನ್ನು ಕಾಡಿತು.

ಈ ಸಲ ಶಾಂತಕ್ಕ ಕಾಯಲಿಲ್ಲ. ಅದೇ ರಾತ್ರಿ ಮೇಲಿನ ತೋಟಕ್ಕೆ ಹತ್ತಿರವಿದ್ದ ಪೆಟ್ಟಿಗೆಯನ್ನು ತಂಗಿಯ ಮನೆಗೆ ಸಾಗಿಸಿದರು. ಉಳಿದವಕ್ಕೆ ಕೆಳಗಿನ ತೋಟದ ಕತ್ತರಿಸದ ಸಾಲುಗಳಲ್ಲಿ ಹೂ ಇತ್ತು. ಮರಿ ಸ್ವಲ್ಪ ಕಡಿಮೆಯಾಯಿತು, ಆದರೆ ಯಾವುದೂ ಎದ್ದು ಹೋಗಲಿಲ್ಲ. ಬೇಸಿಗೆಯಲ್ಲಿ ಒಂದು ಕುಟುಂಬವನ್ನು ಪಾಲು ಮಾಡಿದರು, ಈಗ ನಾಲ್ಕಿವೆ. ಜೇನು ಮೊದಲಿನಷ್ಟು ಸಿಕ್ಕಿಲ್ಲ.

ಈಗ ಮಳೆ ಹೊಳವಾದ ಬೆಳಗ್ಗೆ ಅವರು ಮಾಡುವ ಮೊದಲ ಕೆಲಸ ಪೆಟ್ಟಿಗೆ ಬಾಗಿಲಲ್ಲಿ ಸ್ವಲ್ಪ ಹೊತ್ತು ಕೂರುವುದು. ಒಳಗೆ ಹೋಗುವ ನೊಣಗಳ ಕಾಲಲ್ಲಿ ಪರಾಗ ಇದೆಯಾ ನೋಡುತ್ತಾರೆ. ಎರಡು ಮೂರು ಹೊಳವಿನಲ್ಲಿ ಬರಿಗಾಲೇ ಜಾಸ್ತಿ ಕಂಡರೆ ಎರಿ ತೆಗೆದು ಮರಿ ನೋಡುತ್ತಾರೆ. ಪೆಟ್ಟಿಗೆ ತೆರೆಯುವ ಮೊದಲೇ ಸುಳಿವು ಸಿಗುವ ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ, ಜೇನು ಸಾಕುವ ಯಾರೂ ಮಾಡಬಹುದು. ಗುತ್ತಿಗೆ ಹುಡುಗರ ಮೇಸ್ತ್ರಿಯ ಫೋನ್ ನಂಬರ್ ಈಗ ಶಾಂತಕ್ಕನ ಹತ್ತಿರವೇ ಇದೆ, ಜೂನ್‌ನಲ್ಲೇ ಅವನಿಗೆ ಯಾವ ಜಾಗಕ್ಕೆ ಹೊಡೆಯಬಾರದು ಅಂತ ತೋಟ ಸುತ್ತಿಸಿ ತೋರಿಸಿದ್ದಾರೆ. ಬೆಟ್ಟದ ಆಚೆ ಬದಿಯಲ್ಲಿ ಹೊಸದಾಗಿ ಅಡಿಕೆ ಹಾಕಿದ ಇನ್ನೊಬ್ಬರು ನೆಲಕ್ಕೆಲ್ಲ ಮದ್ದು ಹೊಡೆಸುತ್ತಿದ್ದಾರೆ. ಅವರು ಊರಲ್ಲಿ ಇರುವುದಿಲ್ಲ, ಬೆಂಗಳೂರಿನಲ್ಲಿರುತ್ತಾರೆ. ಈ ಸಲ ಅವರ ಹತ್ತಿರ ಮಾತಾಡುತ್ತೇನೆ ಅಂತ ಹೇಳಿದ್ದು ಮಾಬಲಣ್ಣನೇ.